ತಿರುಗುವಷ್ಟು

ಜಗಳಕ್ಕೆಂದೇ ಮೆಟ್ಟಿಲು ಹತ್ತಿದ್ದೆ.
ಕಂಕುಳಲ್ಲಿ ನೋಟುಬುಕ್ಕು, ಕಿವಿಗೆ ಪೆನ್ಸಿಲ್ಲು.
ಮೂವತ್ತೆಂಟು ವರ್ಷ ಬಿತೊಮ್ ಊರಿನ ಮಕ್ಕಳಿಗೆ
ಲೆಕ್ಕ ಕಲಿಸಿದ ಕೈ ಸುಮ್ಮನಿರುವುದಿಲ್ಲ.

ನೂರೆಂಬತ್ತು ಉದ್ದ, ಅರವತ್ತು ಅಗಲ, ಅರವತ್ತು ಎತ್ತರ:
ಆರುನೂರ ನಲವತ್ತೆಂಟು ಲೀಟರು.
ಲೀಟರಿಗೊಂದು ಕಿಲೋ.
ಜೊತೆಗೆ ಗಾಜು, ಮರಳು, ಕಬ್ಬಿಣದ ಕಾಲು.
ಅದರಡಿ ಹಲಗೆ, ಹಲಗೆಯಡಿ ನೂರು ವರ್ಷದ ತೊಲೆ,
ತೊಲೆಯಡಿ ಸುಣ್ಣ ಉದುರುವ ಗಾರೆ,
ಗಾರೆಯಡಿ ನಾನು, ನನ್ನ ಮಂಚ.

"ಎರ್ವಿನ್, ಒಂದೇ ಒಂದು ಮೀನಿಗಾಗಿ
ನನ್ನ ನೆತ್ತಿಯ ಮೇಲೆ ಗಾಡಿಕುದುರೆ ಕಟ್ಟುತ್ತೀಯಾ?"

ಮೀನು ಬಕೆಟ್ಟಿನಲ್ಲಿತ್ತು. ನನ್ನ ಅಂಗೈಗಿಂತ ಗಿಡ್ಡ.
ನಿಕರಾಗುವಾ ಸರೋವರದ ಸಿಕ್ಲಿಡ್ ಜಾತಿಯಂತೆ,
ಹುಟ್ಟಿದ್ದು ಮಾತ್ರ ಪಕ್ಕದ ಬೀದಿಯ ನೆಲಮಾಳಿಗೆಯಲ್ಲಿ.
ಜೊತೆಗೆ ತಂದ ಎರಡನ್ನೂ ವಾರದೊಳಗೆ ಮುಗಿಸಿ
ಕೆಂಪು ಕಣ್ಣು ಬಿಟ್ಟುಕೊಂಡು ಒಂಟಿಯಾಗಿ ನಿಂತಿತ್ತು.
"ಹೆಸರು ಫೋರ್‌ಮನ್," ಎಂದ ಎರ್ವಿನ್,
ತಲೆ ಎತ್ತಲಿಲ್ಲ.
ಮಂಡಿಯೂರಿ ಸೀಮೆಸುಣ್ಣದಲ್ಲಿ
ನೆಲಕ್ಕೆ ಗೆರೆ ಎಳೆಯುತ್ತಿದ್ದ.

"ಅಂಗಡಿಯವನು ಹೇಳಿದ, ಟೀಚರ್,
ನೂರಿಪ್ಪತ್ತು ಉದ್ದ, ನಲವತ್ತು ಅಗಲ, ಧಾರಾಳವಾಯಿತು,
ತೊಟ್ಟಿ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತದೆ ಅಂತ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಪೈಕಿ.
ಗಣಿ ಕಂಪನಿಯೂ ನಮ್ಮ ಬಗ್ಗೆ
ಹಾಗೇ ಅಂದುಕೊಂಡಿತ್ತು."

ನನ್ನ ತೋಳು ಹಿಡಿದು ನೆಲದ ಮೇಲಿಟ್ಟ.
ಮೊಣಕೈಯಿಂದ ಬೆರಳ ತುದಿ: ನಲವತ್ತೈದು.
"ಬೆಳೆದರೆ ಇಷ್ಟುದ್ದ. ಈಗ ಆ ನಲವತ್ತರೊಳಗೆ
ಗೆರೆ ಮುಟ್ಟದೆ ತಿರುಗಿಸಿ."

ಮೊಣಕೈ ಗೋಡೆ ದಾಟಿತು, ಬೆರಳು ಮರಳಿಗಿಲ್ಲದ ಕಡೆ ಹೋಯಿತು.
ಮತ್ತೊಮ್ಮೆ. ಓರೆಯಾಗಿ. ಮುಷ್ಟಿ ಬಿಗಿದು.
ನಲವತ್ತರಲ್ಲಿ ನಲವತ್ತೈದು ಹೋಗುವುದಿಲ್ಲ, ಪಕ್ಕದ ಮನೆಯಿಂದ
ಕಡ ತರೋಣವೆಂದರೆ ಪಕ್ಕದ ಮನೆಯೇ ಇಲ್ಲ.

"ಎತ್ತರ ಯಾಕೆ, ಅದೇನು ಹಕ್ಕಿಯೇ?
ಉದ್ದ ಓಡುವುದಕ್ಕೆ.
ಅಗಲ..." ಎಂದವನು
ಗೆರೆಗಳ ನಡುವೆ ಬೋರಲು ಮಲಗಿಬಿಟ್ಟ.
ಎಪ್ಪತ್ತೊಂದು ವರ್ಷದ ಮನುಷ್ಯ, ಉಣ್ಣೆಯ ಬನಿಯನ್ನಿನಲ್ಲಿ,
ಕೆನ್ನೆಯನ್ನು ಹಲಗೆಗೆ ಒತ್ತಿ.

"ಪದರ ಎಂಬತ್ತು ಸೆಂಟಿ ಎತ್ತರ.
ಹೋಗುವಾಗ ತಲೆ ಮುಂದೆ, ಬರುವಾಗ ಕಾಲು ಮುಂದೆ.
ಇಪ್ಪತ್ತಾರು ವರ್ಷ.
ನನ್ನ ಬೆನ್ನ ಹಿಂದೆ ಏನು ಬಿತ್ತು, ಯಾರು ಕೂಗಿದರು,
ತಿರುಗಿ ನೋಡಿದ್ದಿಲ್ಲ."

ಈರುಳ್ಳಿಯ ರೇಟು ಹೇಳುವ ದನಿಯಲ್ಲಿ ಹೇಳಿದ.
ನೋಟುಬುಕ್ಕಿನಲ್ಲಿ ಅದಕ್ಕೆ ಸಾಲು ಇರಲಿಲ್ಲ.

"ನಡುವೆ ಬೇಡ," ಯಾರೋ ಅಂದರು, ನನ್ನದೇ ದನಿ,
"ದಪ್ಪ ಗೋಡೆಗೆ ಒತ್ತಿ ಇಡು,
ತೊಲೆಗಳಿಗೆ ಅಡ್ಡಲಾಗಿ, ನಾಲ್ಕು ತೊಲೆ ಹೊರಲಿ.
ಮಂಚ ನಾನು ಸರಿಸಿಕೊಳ್ಳುತ್ತೇನೆ."

ತೊಟ್ಟಿ ಬಂತು, ಆರು ಜನರ ಭುಜದ ಮೇಲೆ,
ಶವಪೆಟ್ಟಿಗೆಯಂತೆ ತಿರುವಿನಲ್ಲಿ ಸಿಕ್ಕಿಕೊಂಡು.
ಬಚ್ಚಲಿನಿಂದ ಪೈಪು ಎಳೆದೆವು.
ಅರ್ಧ ತುಂಬಿದಾಗ ಕಂಡಿತು:
ಕಿಟಕಿಯ ಕಡೆ ನೀರು ಒಂದು ಬೆರಳು ಮೇಲೆ.
ನೀರಿಗೆ ದಾಕ್ಷಿಣ್ಯವಿಲ್ಲ. ವಾಲಿದ್ದು ನಮ್ಮ ಮನೆ,
ಕೆಳಗೆ ಟೊಳ್ಳಾದ ನೆಲದ ಮೇಲೆ.
"ಅದನ್ನು ತೋಡಿದ್ದು ನಾನೇ ಇರಬೇಕು,"
ಎಂದು ಎರ್ವಿನ್ ಕೆಮ್ಮುವ ತನಕ ನಕ್ಕ.
ಎಲ್ಲ ಖಾಲಿ ಮಾಡಿ, ಕಾಲಿನಡಿ ಪ್ಲೈವುಡ್ ತುರುಕಿ,
ಮತ್ತೆ ಮೊದಲಿಂದ.

ಮೂರು ಚಳಿಗಾಲ ಕಳೆದವು.
ಫೋರ್‌ಮನ್ ಈಗ ನನ್ನ ತೋಳಿನಷ್ಟು.
ಭಾನುವಾರ ಮೇಲೆ ಹೋದರೆ ಗಾಜಿಗೆ ಬಂದು
ತಡವಾಗಿ ಬಂದ ಕೂಲಿಯನ್ನು ನೋಡುವಂತೆ ನೋಡುತ್ತದೆ,
ಆಮೇಲೆ ಅವಸರವಿಲ್ಲದೆ, ಬಾಲ ಎಲ್ಲಿಯೂ ಸೋಕದೆ,
ಹಿಂದಿರುಗುತ್ತದೆ.
ಎರ್ವಿನ್ ಪ್ರತಿ ಸಲವೂ
ಮೊದಲ ಸಲವೆಂಬಂತೆ ನೋಡುತ್ತಾನೆ.

ಕೆಳಗೆ ನನ್ನ ಮಂಚ ಇನ್ನೂ ಹೊಸ ಜಾಗಕ್ಕೆ ಒಗ್ಗಿಲ್ಲ.
ಬೆಳಗ್ಗೆ ಹಳೆಯ ಅಭ್ಯಾಸಕ್ಕೆ ಎಡಕ್ಕೆ ಹೊರಳಿ
ಗೋಡೆಗೆ ಹಣೆ ಚಚ್ಚಿಕೊಳ್ಳುತ್ತೇನೆ.