ಅರ್ಧ ಇಂಚು

ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತೆ.
ಬೆರಳ ತುದಿಯಿಂದ ಬೆರಳ ತುದಿಗೆ ಟೇಪು ಹಿಡಿದು
ಸೆಲ್ವಿನ್ ಸರ್ ಎರಡೂವರೆಯಿಂದ ಭಾಗಿಸಿದರು:
ಇಪ್ಪತ್ತೈದೂವರೆ.
ಬಿಲ್ಲಿನದು ಇಪ್ಪತ್ತಾರು. ಸೆಕೆಂಡ್‌ಹ್ಯಾಂಡು,
ಯಾರೋ ಉದ್ದನೆಯವರದ್ದು.

‘ಅದಕ್ಕೇ ಹಿಂದಕ್ಕೆ ವಾಲ್ತೀರ ಮೇಡಂ,
ಡ್ರೈವರು ಜೋರಾಗಿ ಎತ್ತಿದ ಹಾಗೆ.’
ನಿಜ. ಹದಿನೆಂಟು ವರ್ಷ ಟಿಕೆಟ್ ಹರಿದ ಕೈ;
ಹೆದೆ ಕಿವಿಯತ್ತ ಓಡಿದರೆ
ಮೂಗು ಅದನ್ನು ಹುಡುಕಿಕೊಂಡು ಹೋಗುತ್ತದೆ.

ಅಕ್ಕನ ಯೂನಿಫಾರ್ಮು.
‘ಬೆಳೀತಾಳೆ ಬಿಡಿ’ ಅಂತ ಚಿಕ್ಕಪೇಟೆಯಲ್ಲಿ ಕೊಂಡ
ಒಂದು ಸೈಜು ದೊಡ್ಡ ಬೂಟು, ತುದಿಗೆ ತುರುಕಿದ ಹತ್ತಿ.
ನಲವತ್ತೊಂದಾಯಿತು.
ಇನ್ನೂ ಬೆಳೆಯುವ ಅಭ್ಯಾಸ ಹೋಗಿಲ್ಲ.

ಅಲೆನ್ ಕೀ ಎರಡು ಸುತ್ತು. ಕ್ಯಾಮಿನ ಮೇಲೆ
ಏನೋ ಚೂರು ಸರಿಯಿತು, ಅಷ್ಟೆ.

ಈಗ ಎಳೆದರೆ, ಅರ್ಧ ದಾರಿ ದಾಟಿದ್ದೇ ತಡ
ಮೆಜೆಸ್ಟಿಕ್ಕಿನಲ್ಲಿ ಬಸ್ಸು ಖಾಲಿಯಾದಷ್ಟು ಹಗುರ.
ಹೆದೆ ತಾನಾಗಿ ಬಂದು
ಮೂಗಿನ ತುದಿಗೆ, ತುಟಿಯ ಅಂಚಿಗೆ ಕೂತಿತು.
ನಾನು ಎಲ್ಲಿಗೂ ಹೋಗಬೇಕಾಗಲಿಲ್ಲ.

ಜಾಲಹಳ್ಳಿ ಕಡೆ ರೈಲು ಕೂಗಿತು.
ಬಾಣ ಹಳದಿಗೆ ಅಲ್ಲ, ಕೆಂಪಿಗೆ.
ಸರ್ ಅತ್ತ ನೋಡಲೇ ಇಲ್ಲ,
ನನ್ನ ಮೊಳಕೈಯನ್ನೇ ನೋಡುತ್ತಿದ್ದರು:
‘ಹೂಂ. ಇನ್ನೊಂದು.’