ಬುತ್ತಿ

ಗ್ರಿಮ್ಸ್‌ಬಿಯ ಕ್ಲಿನಿಕ್ಕಿನಲ್ಲಿ
ಒದ್ದೆ ಕೋಟುಗಳ ವಾಸನೆ, ಮೀನಿನ ವಾಸನೆ.
ಎರಡನೆಯದು ನನ್ನದೇ: ರಾತ್ರಿಪಾಳಿಯಲ್ಲಿ
ಹ್ಯಾಡಕ್ ಸೀಳಿದ ಕೈ ನಿಂಬೆಹುಳಿಗೂ ಬಗ್ಗುವುದಿಲ್ಲ.

ಮಾರೀನ್ ಕೇಳಿದಳು, "ಯಾವ ಮಗ್ಗುಲಿಗೆ ಮಲಗ್ತೀ, ಲವ್?"
"ಎಡಕ್ಕೆ. ಬಲಕ್ಕೆ ತಿರುಗಿದರೆ ಇದು ಒದೆಯುತ್ತೆ."
"ಹಾಗಾದರೆ ಬಲಗೈ ಕೊಡು."
"ಬಲಗೈ ಚೂರಿಗೆ ಬೇಕು."
"ಫ್ಲೂ ಸೂಜಿಯೂ ಬಾಕಿ ಇದೆ."
"ಅದೂ ಎಡಕ್ಕೇ ಇರಲಿ, ಒಂದಿಂಚು ಕೆಳಗೆ.
ಈ ರಾತ್ರಿ ಕೂತೇ ನಿದ್ದೆ ಮಾಡಿದರಾಯಿತು."

ಇಪ್ಪತ್ತೊಂಬತ್ತನೇ ವಾರ. ಫೋನು ಹೇಳುತ್ತದೆ
ನೀನೀಗ ಬದನೆಕಾಯಿಯಷ್ಟು.
ಉದ್ದ ಬದನೆಯೋ ಮಟ್ಟುಗುಳ್ಳವೋ
ಅದನ್ನು ಮಾತ್ರ ಹೇಳುವುದಿಲ್ಲ.

ಹೊನ್ನಾವರದಿಂದ ಯಮುನಕ್ಕ ಗದರಿದ್ದಳು,
"ಬಸುರಿ ಮೈಗೆ ಯಾಕೇ ಸೂಜಿ? ಒಳಗಿನದಕ್ಕೆ ಏನಾದರೂ ಆದರೆ?"
ಹೆದರಿಕೆ ನನಗೂ ಇತ್ತು. ಮಾರೀನ್‌ಳನ್ನು ಮೂರು ಸಲ ಕೇಳಿದೆ.
ಮೂರು ಸಲವೂ ಅವಳು ಕನ್ನಡಕ ತೆಗೆದಿಟ್ಟು
ಈಗಷ್ಟೇ ಕೇಳಿಸಿಕೊಂಡವಳಂತೆ ಉತ್ತರಿಸಿದಳು.

ನಿನ್ನಕ್ಕ ಸುಗಂಧಿಗೆ ಆಗ ಆರು ವಾರ.
ಡಿಸೆಂಬರು. ಸಣ್ಣ ನೆಗಡಿ, ಅಷ್ಟೇ ಅಂದುಕೊಂಡಿದ್ದೆ.
ಮೂರನೇ ದಿನ ಹಾಲು ಮರೆತಳು.
ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೊಂದು ಗುಳಿ.
ದಡಕ್ಕೆ ಎಳೆದ ಮೀನಿನ ಕಿವಿರು ಹೇಗೆ ಬಡಿದುಕೊಳ್ಳುತ್ತದೆಂದು
ಹುಟ್ಟಿದಾಗಿನಿಂದ ನೋಡಿದವಳು ನಾನು.
ಮಗುವಿನ ಎದೆಯಲ್ಲಿ ಅದನ್ನು
ನೋಡಬಾರದು.

ಐದು ರಾತ್ರಿ. ಮೂಗಿನಲ್ಲಿ ನಳಿಕೆ.
ನಾನು ಹಾಲು ಹಿಂಡಿ ಹಿಂಡಿ
ಸೀಸೆಗೆ ಅವಳ ಹೆಸರಂಟಿಸಿ ಫ್ರಿಜ್ಜಿನಲ್ಲಿಟ್ಟೆ,
ಕುಡಿಯುವವಳು ಎದ್ದೇಳುತ್ತಾಳೆಂಬ ಹಟಕ್ಕೆ.
ಎದ್ದಳು.
ಆ ವರ್ಷ ಈ ಸೂಜಿ ಬಂದಿರಲಿಲ್ಲ.
'ಬಂದಿದ್ದರೆ' ಎಂಬುದು ಸಣ್ಣ ಮುಳ್ಳಿನ ಮೀನು;
ನಾನದನ್ನು ತಟ್ಟೆಗೆ ಹಾಕಿಕೊಳ್ಳುವುದಿಲ್ಲ.

ಎರಡು ವಾರ ಬೇಕಂತೆ ನನ್ನ ರಕ್ತಕ್ಕೆ
ಒಲೆ ಹಚ್ಚಿ ಬೇಯಿಸಲು.
ಆಮೇಲೆ ಹೊಕ್ಕುಳಬಳ್ಳಿಯ ದಾರಿಯಲ್ಲಿ
ನಿನಗೆ ಬುತ್ತಿ.
ದೋಣಿಗೆ ಹೊರಟ ಅಪ್ಪನಿಗೆ ಅಮ್ಮ ಕಟ್ಟುತ್ತಿದ್ದಳು,
ಕುಚ್ಚಲಕ್ಕಿ ಅನ್ನ, ಒಣಸಿಗಡಿ ಚಟ್ನಿ,
ಯಾವಾಗಲೂ ಒಂದು ಹೊತ್ತಿಗೆ ಹೆಚ್ಚು.
ಯಾಕೆಂದು ಅವಳು ಬಾಯಿಬಿಟ್ಟು ಹೇಳಲಿಲ್ಲ,
ಅವನೂ ಕೇಳಲಿಲ್ಲ.
ನಿನ್ನದು ಆರು ತಿಂಗಳ ಬುತ್ತಿ,
ಒಂದು ಚಳಿಗಾಲ ದಾಟಿಸುವಷ್ಟು.
ಜೊತೆಗೆ ಎದೆಹಾಲು, ಅದರಲ್ಲೂ ಒಂದು ತುತ್ತು
ಸೇರಿಸಿಯೇ ಕೊಡುತ್ತೇನೆ.
ಬುತ್ತಿ ಕಟ್ಟಿದವರು ಕಡಲನ್ನು ಕಟ್ಟಿಹಾಕಿದ್ದುಂಟೇ?
ಇಲ್ಲ. ಆದರೂ ಬರಿಗೈಲಿ ಯಾರನ್ನೂ ಕಳಿಸಿದ್ದಿಲ್ಲ
ನಮ್ಮ ಮನೆಯಿಂದ.

ರಾತ್ರಿ. ತೋಳು ಬಾತಿದೆ, ಬಿಸಿಯಾಗಿದೆ.
ಕುರ್ಚಿಯಲ್ಲಿ ಕೂತಿದ್ದೇನೆ, ಹೇಳಿದ ಹಾಗೇ.
ಸುಗಂಧಿ ಬಾಯಿ ತೆರೆದು ಮಲಗಿದ್ದಾಳೆ.
ಹಳೆಯ ಅಭ್ಯಾಸ, ಎಣಿಸುತ್ತೇನೆ:
ನಿಮಿಷಕ್ಕೆ ಇಪ್ಪತ್ಮೂರು.
ನೀನು ಒಳಗಿನಿಂದ ಒಮ್ಮೆ ಒದ್ದು
ಲೆಕ್ಕ ತಪ್ಪಿಸುತ್ತೀ.
ಮತ್ತೆ ಒಂದರಿಂದ.