ತಲೆಗೆ ಇಪ್ಪತ್ತು

ಉಪ್ಪಳದ ಬೀಡಿ ಬ್ರಾಂಚಿನಲ್ಲಿ
ಪೇಪರು ಓದುತ್ತಿದ್ದವ ಐತಪ್ಪಣ್ಣ.
ಅವನ ಪಾಲಿನ ಬೀಡಿ ನಾವೇ ಸುತ್ತುತ್ತಿದ್ದೆವು,
ತಲೆಗೆ ಇಪ್ಪತ್ತು.
ಕೆಮ್ಮು ಬಂದರೆ ನಿಲ್ಲಿಸುವ,
ಮಂತ್ರಿಯ ಹೆಸರು ಬಂದರೆ ಉಗುಳಲು ಹೊರಗೆ ಹೋಗುವ.
ಒಂದು ಸುದ್ದಿಗೆ ಅರ್ಧ ಗಂಟೆ ಜಗಳ:
ತುಳುವಿನಲ್ಲಿ ಶುರು, ಮಲಯಾಳದಲ್ಲಿ ಬಿಸಿ,
ಕನ್ನಡದಲ್ಲಿ ರಾಜಿ.

ಕಂಟ್ರಾಕ್ಟರ್ ಕಪ್ಪು ಡಬ್ಬಿ ತಂದಿಟ್ಟ.
ಓದುತ್ತದೆ, ಕೇಳಿದ್ದಕ್ಕೆ ಉತ್ತರ ಕೊಡುತ್ತದೆ,
ಬೀಡಿ ಬೇಡ.
ಹೆಂಗಸಿನ ದನಿ. ಚೆಂದದ ಕನ್ನಡ.
ಸುಳ್ಳು ಹೇಳಬಾರದು, ನಮಗೂ ಖುಷಿಯೇ,
ನಾಲ್ಕು ದಿನ.

ಐದನೆಯ ದಿನ
ಚಿನ್ನದ ದರಕ್ಕೂ ನಾಳಿನ ಮಳೆಗೂ ನಡುವೆ
ಮಲ್ಪೆಯಾಚೆ ಮಗುಚಿದ ದೋಣಿಯನ್ನು ಓದಿತು,
ಸತ್ತವರ ಹೆಸರು ಸಮೇತ,
ಬೀಫಾತಿಮಾಳ ತಮ್ಮನ ಹೆಸರು ಸಮೇತ,
ಉಚ್ಚಾರ ಒಂದಿಷ್ಟೂ ತಪ್ಪದೆ.
ಅವಳ ಕೈಯಲ್ಲಿ ಎಲೆ ಅರ್ಧ ಸುತ್ತಿತ್ತು.
‘ಇನ್ನೇನು ಓದಲಿ?’ ಎಂದಿತು.

ಐತಪ್ಪಣ್ಣನಾದರೆ ಪೇಪರು ಮಡಚಿ
ಇವತ್ತು ಅಕ್ಷರ ಕಾಣುವುದಿಲ್ಲ ಎನ್ನುತ್ತಿದ್ದ.
ಅಂಥ ಸುಳ್ಳಿಗೇ ನಾವು
ಇಪ್ಪತ್ತು ಕೊಡುತ್ತಿದ್ದದ್ದು.

ಮರುದಿನ ಡಬ್ಬಿಯ ವಯರು ತುಂಡಾಗಿತ್ತು.
ಕಂಟ್ರಾಕ್ಟರ್ ಒಬ್ಬೊಬ್ಬರ ಮುಖ ನೋಡಿದ.
ಯಾರ ಮೇಲೆಂದು ಸಂಶಯಪಡುತ್ತಾನೆ!
ಐತಪ್ಪಣ್ಣನೊಬ್ಬನನ್ನು ಬಿಟ್ಟು
ಎಲ್ಲರ ಮೊರದಲ್ಲೂ ಕತ್ತರಿ ಇತ್ತು.